ಅಳಿಯ ನಿಂತ ಚುನಾವಣೆ

ಅಳಿಯ ಮೇಯರ್ ವಿರುದ್ಧ ಚುನಾವಣೆಗೆ ನಿಂತಿದ್ದಾನೆಂಬ ಸುದ್ದಿ ಲಿಯೊನಿಲಾಳಿಗೆ ಮನೆಯವರಿಂದ ತಿಳಿಯಲಿಲ್ಲ. ದೋಣಿಗಳು ನಿಲ್ಲುವ ಜೆಟ್ಟಿಯ ಪಕ್ಕದ ಅವಳ ಅನ್ನದಂಗಡಿಯಲ್ಲಿ ಹೆಸರುಕಾಳಿನ ಸಾರು ಕಲಸಿಕೊಂಡು ಉಣ್ಣುತ್ತಿದ್ದ ಹಮಾಲಿಯೊಬ್ಬ ಹೇಳಿದ.

"ಅಕ್ಕಾ, ಇನ್ಮೇಲೆ ನಿಮ್ಮನ್ನ ಮೇಯರ್ ಅತ್ತೆ ಅಂತ ಕರೀಬೇಕಾ?"

"ಏನೋ ಅದು? ಬಾಯಲ್ಲಿರೋದನ್ನ ನುಂಗಿ ಮಾತಾಡು."

"ಅಮಾಡೊ ನಾಮಪತ್ರ ಹಾಕಿ ಬಂದ್ನಂತಲ್ಲ. ಲುಸೆರ್ನೊ ಎದುರಿಗೆ! ಊರೆಲ್ಲ ಅದೇ ಮಾತು. ನಿಮಗೇ ಗೊತ್ತಿಲ್ವಾ?"

ಲಿಯೊನಿಲಾ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. ಮಲಾಬುಗ್ ಎಂಬ ಆ ದ್ವೀಪದ ಊರಿನಲ್ಲಿ ಲುಸೆರ್ನೊ ಮನೆತನದ ಎದುರು ಯಾರೂ ನಿಲ್ಲುವ ಪದ್ಧತಿ ಇರಲಿಲ್ಲ. ಅಪ್ಪ ಇಳಿದರೆ ಮಗ, ಮಗನ ಅವಧಿ ಮುಗಿದರೆ ಸೊಸೆ, ಸೊಸೆಯದು ಮುಗಿದರೆ ಮತ್ತೆ ಮಗ. ಆ ಕುರ್ಚಿ ಒಂದೇ ಮನೆಯ ಊಟದ ಮೇಜಿನ ಸುತ್ತ ತಿರುಗುತ್ತಿತ್ತು. ಈಗ ಮಗ ಎವಾರಿಸ್ತೊನ ಸರದಿ. ಕಂಡವರ ಹೆಸರನ್ನೆಲ್ಲ ನೆನಪಿಟ್ಟುಕೊಂಡು, ಸತ್ತವರ ಮನೆಗೆ ತಪ್ಪದೆ ಬಂದು ಹೋಗುವ ನಗುಮುಖದ ಮನುಷ್ಯ.

ಆ ಸಂಜೆ ಮನೆಯಲ್ಲಿ ಮೀನಿನ ಹುಳಿ, ನುಗ್ಗೆಸೊಪ್ಪು. ಯಾರೂ ತಟ್ಟೆಗೆ ಕೈ ಹಾಕಿರಲಿಲ್ಲ.

"ಯಾರನ್ನ ಕೇಳಿ ಹಾಕ್ದೆ?" ಎಂದಳು ಲಿಯೊನಿಲಾ.

"ಕೇಳಿದ್ರೆ ಬೇಡ ಅಂತಿದ್ರಿ ಅತ್ತೆ," ಎಂದ ಅಮಾಡೊ.

"ಬೇಡ ಅಂತಿದ್ದೆ. ಅದಕ್ಕೇ ಕೇಳ್ಬೇಕಿತ್ತು."

ಅಮಾಡೊ ಆ ಊರಿನವನಲ್ಲ. ದೂರದ ಉತ್ತರದವನು, ಅಲ್ಲಿಯ ಮಾತೇ ಬೇರೆ. ಈ ಊರಿನ ಮಾತನ್ನು ಎಳೆದೆಳೆದು ಆಡಿದರೆ ಮಕ್ಕಳು ಹಿಂದಿನಿಂದ ಅಣಕಿಸುತ್ತಿದ್ದರು. ಸಮುದ್ರದ ತಡೆಗೋಡೆ ಕಟ್ಟಿಸಲು ಕಂಟ್ರಾಕ್ಟರನ ಎಂಜಿನಿಯರಾಗಿ ಬಂದವನು ದಿನವೂ ಜೆಟ್ಟಿಯ ಅಂಗಡಿಯಲ್ಲಿ ಊಟ ಮಾಡಿ, ಅಂಗಡಿಯವಳ ಮಗಳು ರೊವೆನಾಳನ್ನು ಮದುವೆಯಾಗಿ ಇಲ್ಲೇ ಉಳಿದ. ನಕ್ಷೆಯಲ್ಲಿದ್ದ ಕಬ್ಬಿಣದ ಅರ್ಧವೂ ಗೋಡೆಯೊಳಗಿಲ್ಲವೆಂದು ಕೊನೆಯ ಬಿಲ್ಲಿಗೆ ಸಹಿ ಹಾಕಲಿಲ್ಲ. ಅವನನ್ನು ತೆಗೆದುಹಾಕಿದರು. ಸಹಿಯನ್ನು ಬೇರೆ ಯಾರೋ ಹಾಕಿದರು. ಮುಂದೊಂದು ಚಂಡಮಾರುತಕ್ಕೆ ಗೋಡೆ ಮಲಗಿತು, ದಡದ ಒಂದು ಸಾಲು ಮನೆಗಳು ಜನರ ಸಮೇತ ಕೊಚ್ಚಿಹೋದವು. ಈಗ ಅವನು ದೋಣಿಗಳ ಎಂಜಿನ್ ರಿಪೇರಿ ಮಾಡಿಕೊಂಡು ಅತ್ತೆಯ ಮನೆಯಲ್ಲೇ ಇದ್ದ.

"ಆ ಗೋಡೆಗೆ ಮತ್ತೆ ಹಣ ಬಂದಿದೆ ಅತ್ತೆ. ಅದೇ ಕಂಟ್ರಾಕ್ಟರ್, ಮೇಯರ್ ಭಾಮೈದ. ಹೋಗಿ ನೋಡಿದೆ. ಬೀಳದೆ ಉಳಿದಿರೋ, ಬಿರುಕು ಬಿಟ್ಟ ಹಳೇ ಗೋಡೆ ಮೇಲೇ ಸಿಮೆಂಟ್ ಬಳೀತಿದ್ದಾರೆ."

"ಬಳೀಲಿ ಬಿಡು. ಅವರ ಗೋಡೆ, ಅವರ ಸಿಮೆಂಟು."

"ಅದರ ಹಿಂದೆ ಮಲಗೋರು ನಾವು."

ಲಿಯೊನಿಲಾಳ ಗಂಡ ಪ್ರುದೆನ್ಸಿಯೊ ಅಷ್ಟು ಹೊತ್ತೂ ತಲೆ ಎತ್ತಿರಲಿಲ್ಲ. ಅವನು ಪುರಸಭೆಯ ವ್ಯಾನಿನ ಚಾಲಕ. ಅರ್ಧ ಆಯಸ್ಸು ಓಡಿಸಿದರೂ ಕೆಲಸ ಕಾಯಂ ಆಗಿರಲಿಲ್ಲ. ಆರು ತಿಂಗಳಿಗೊಮ್ಮೆ ಮೇಯರ್ ಸಹಿ ಬಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

"ನಿನ್ನ ಮಾತು ಸರಿ ಕಣಪ್ಪಾ," ಎಂದ. "ಆದ್ರೆ ನಾಳೆ ಆಫೀಸಿಗೆ ನಾನು ಯಾವ ಮುಖ ಹೊತ್ಕೊಂಡು ಹೋಗ್ಲಿ?"

"ಇರೋ ಮುಖಾನೇ ಹೊತ್ಕೊಂಡು ಹೋಗಪ್ಪ," ಎಂದಳು ರೊವೆನಾ. "ಕದ್ದಿರೋರು ನಾವಾ?"

"ನೀನು ಸುಮ್ನಿರೇ. ಗಂಡನ್ನ ತಡೆಯೋದು ಬಿಟ್ಟು!" ಎಂದು ಲಿಯೊನಿಲಾ ಗದರಿದಳು.

ಮೂಲೆಯ ಬೆತ್ತದ ಕುರ್ಚಿಯಿಂದ ಪ್ರುದೆನ್ಸಿಯೊನ ತಾಯಿ ಕ್ರಿಸಾಂತಜ್ಜಿ ಊರುಗೋಲಿನಿಂದ ನೆಲ ಕುಟ್ಟಿದಳು. "ನನ್ನ ವಿಷಯ ಯಾರಾದ್ರೂ ಎತ್ತುತ್ತೀರಾ, ಇಲ್ಲಾ ನಾನೇ ಎತ್ಬೇಕಾ?"

ಅಜ್ಜಿಯ ಎರಡೂ ಕಿಡ್ನಿ ಕೆಟ್ಟಿದ್ದವು. ವಾರಕ್ಕೆರಡು ಸಲ ಮಗನೇ ಓಡಿಸುವ ವ್ಯಾನಿನಲ್ಲಿ ಪಟ್ಟಣಕ್ಕೆ ಹೋಗಿ ರಕ್ತ ತೊಳೆಸಿಕೊಂಡು ಬರಬೇಕು. ಆಸ್ಪತ್ರೆಯಲ್ಲಿ ದುಡ್ಡಿನ ಬದಲು ಮೇಯರ್ ಸಹಿ ಮಾಡಿದ ಚೀಟಿ ಕೊಟ್ಟರೆ ನಡೆಯುತ್ತಿತ್ತು. ಆ ಚೀಟಿ ನಿಂತರೆ ಅಜ್ಜಿಯ ಉಸಿರೂ ನಿಂತಂತೆ.

"ನಾನು ಗೆದ್ರೆ ಅಜ್ಜಿ, ಚೀಟಿಗಾಗಿ ಯಾರೂ ಯಾರ ಮುಂದೆಯೂ ಕೈ ಒಡ್ಡಬೇಕಾಗಿರಲ್ಲ."

"ಗೆದ್ರೆ. ಸೋತ್ರೆ?"

ಅಮಾಡೊ ಅಜ್ಜಿಗೆ ಬಡಿಸಲು ಸೌಟು ಎತ್ತಿದ.

"ಸರಿ, ಮೀನು ಆರ್ತಿದೆ," ಎಂದಳು ಅಜ್ಜಿ. "ಸೋಲೋದಕ್ಕೂ ಹೊಟ್ಟೇಲಿ ಏನಾದ್ರೂ ಇರ್ಬೇಕು."

ಹೊಸ ವರ್ಷಕ್ಕೆ ಪ್ರುದೆನ್ಸಿಯೊನ ಕಾಗದಕ್ಕೆ ಸಹಿ ಬೀಳಲಿಲ್ಲ. ವ್ಯಾನಿನ ಬೀಗದಕೈ ಬೇರೊಬ್ಬನ ಕೈಗೆ ಹೋಯಿತು. ಪ್ರುದೆನ್ಸಿಯೊ ಬೆಳಿಗ್ಗೆ ಎದ್ದು ಅಭ್ಯಾಸದಂತೆ ಶರಟು ಹಾಕಿಕೊಂಡು, ಹೊಸ್ತಿಲ ಮೇಲೆ ಕೂತು, ಶರಟು ಬಿಚ್ಚಿ ಮತ್ತೆ ಮೊಳೆಗೆ ನೇತುಹಾಕುತ್ತಿದ್ದ. ಮಧ್ಯಾಹ್ನಕ್ಕೆಲ್ಲ ತೆಂಗಿನ ಹೆಂಡದ ವಾಸನೆ ಬರಲು ಶುರುವಾಯಿತು.

ಪ್ರಚಾರ ಆರಂಭವಾದ ಮೇಲೆ ಇನ್ನೊಂದು ಕಷ್ಟ ಬಂತು. ಅಭ್ಯರ್ಥಿಯ ಮನೆಯೆಂದರೆ ಬಾಗಿಲು ತೆರೆದಿರಬೇಕು, ಬಂದವರಿಗೆಲ್ಲ ಅನ್ನ ಇರಬೇಕು ಎಂಬುದು ಆ ಕಡೆಯ ರೂಢಿ. ಬೆಳಕು ಹರಿಯುವ ಮೊದಲೇ ಜನ ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದರು. ಒಬ್ಬನಿಗೆ ಬಸ್ ಚಾರ್ಜು, ಒಬ್ಬಳಿಗೆ ಮಗುವಿನ ಜ್ವರದ ಔಷಧಿ, ಇನ್ನೊಬ್ಬನಿಗೆ ಕೋಳಿಕಾಳಗದ ಕಮಿಟಿಗೆ ಚಂದಾ. ಅಮಾಡೊ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದ: "ಈಗ ಕೊಟ್ರೆ ಆಮೇಲೆ ನಿಮ್ಮಿಂದಲೇ ಕದೀಬೇಕಾಗುತ್ತೆ." ಅವರು ತಲೆಯಾಡಿಸಿ, ಲಿಯೊನಿಲಾ ಬಡಿಸಿದ ಗಂಜಿ ಕುಡಿದು, ಹೊರಗೆ ಹೋಗಿ ನಗುತ್ತಿದ್ದರು.

"ಒಳ್ಳೇವನು, ಆದ್ರೆ ಒಣ ಮೀನು. ಹಿಂಡಿದ್ರೆ ಒಂದು ಹನಿ ಬರಲ್ಲ," ಎಂದು ಒಬ್ಬಳು ಹೇಳಿದ್ದು ಲಿಯೊನಿಲಾಳ ಕಿವಿಗೇ ಬಿತ್ತು.

ಅಂಗಡಿಗೆ ಬರುವ ಹಮಾಲಿಗಳು ಕಡಿಮೆಯಾದರು. ಮೊದಲು ಸುದ್ದಿ ತಂದಿದ್ದವನೇ ಒಂದು ದಿನ ರಸ್ತೆಯ ಆಚೆ ಬದಿಯಿಂದಲೇ ಕೈಯಾಡಿಸಿದ. "ಸಿಟ್ಟಾಗ್ಬೇಡಿ ಅಕ್ಕಾ, ಮೇಸ್ತ್ರಿ ನೋಡ್ತಿರ್ತಾನೆ."

ಮನೆಯಲ್ಲಿ ಲಿಯೊನಿಲಾ ಖಾಲಿ ಅಕ್ಕಿ ಡಬ್ಬವನ್ನು ಅಳಿಯನ ಮುಂದೆ ತಲೆಕೆಳಗು ಮಾಡಿ ಹಿಡಿದಳು. "ನೋಡು. ಇದಕ್ಕೂ ಒಂದು ಭಾಷಣ ಮಾಡು. ತುಂಬ್ಕೊಳ್ಳುತ್ತೇನೋ."

"ಬಂದೋರಿಗೆ ಹಾಕ್ಬೇಡಿ ಅತ್ತೆ."

"ಹಾಕದೆ ಕಳಿಸೋಕೆ ನಾನೇನು ನಿಮ್ಮೂರೋಳಾ?"

ಅವನು ಹೊರಗೆ ಹೋಗಿ, ಸಂಜೆ ಬರುವಾಗ ಅಕ್ಕಿ ಮೂಟೆ ತಂದ. ತನ್ನ ಎಂಜಿನ್ ರಿಪೇರಿಯ ಸಾಮಾನು ಮಾರಿದ್ದ. ಲಿಯೊನಿಲಾ ಮೂಟೆ ಬಿಚ್ಚಿ ಅಕ್ಕಿಯಲ್ಲಿ ಕೈಯಾಡಿಸಿದಳು.

ಅದುವರೆಗೆ ಬರುತ್ತಿದ್ದ ಮೇಯರ್ ಚೀಟಿ ಏಪ್ರಿಲ್ ಕೊನೆಗೆ ಬರಲಿಲ್ಲ. ಅಜ್ಜಿಯ ಒಂದು ಸರದಿ ತಪ್ಪಿತು. ಕಾಲು ಬಾತು, ಮುಖ ಬಾತು, ಮಲಗಿದರೆ ಉಸಿರು ಸಿಗದೆ ಕೂತೇ ಇರಬೇಕಾಯಿತು. ಆಗ ಬೆಲೆನ್ ಬಂದಳು. ಬೆಲೆನ್ ಆ ಕೇರಿಯ ಮುಖ್ಯಸ್ಥೆ, ಮೇಯರ್ ಕಡೆಯವಳು. ಲಿಯೊನಿಲಾ ಜೊತೆ ಶಾಲೆಯಲ್ಲಿ ಓದಿದವಳು. ಕೈಯಲ್ಲಿ ಕಿತ್ತಳೆ ಹಣ್ಣಿನ ಚೀಲ.

"ಅಯ್ಯೋ ಅಜ್ಜೀ, ಹೀಗಾಗೋಗಿದ್ದೀರಲ್ಲ!" ಎಂದು ಕೂತಳು. "ಮೇಯರ್‌ಗೆ ಸಿಟ್ಟೇನಿಲ್ಲ ಲಿಯೊನಿಲಾ. ದೇವರಾಣೆ ಇಲ್ಲ. ಶನಿವಾರ ಕೊನೇ ಸಭೆ ಇದೆಯಲ್ಲ, ಅಜ್ಜಿ ಬಂದು ವೇದಿಕೆ ಮೇಲೆ ಒಂಚೂರು ಕೂತ್ರೆ ಸಾಕಂತೆ. ಕೈ ಹಿಡ್ಕೊಂಡು ಒಂದು ಫೋಟೋ. ಚೀಟಿ ಅವತ್ತೇ ಕೈಗೆ."

ರೊವೆನಾ ಒಳಗಿನಿಂದ ಬಂದಳು. "ಹೊರಗ್ ಹೋಗಿ."

"ನಿನ್ನನ್ನ ಕೇಳ್ಲಿಲ್ಲಮ್ಮ."

"ಹಣ್ಣೂ ತಗೊಂಡ್ ಹೋಗಿ!"

"ಹೋಗ್ಲಿ ಬಿಡೇ," ಎಂದ ಪ್ರುದೆನ್ಸಿಯೊ. ಅವನ ಕಣ್ಣು ಕೆಂಪಾಗಿದ್ದವು. "ಅಮ್ಮ ಹೋಗಿ ಕೂತ್ರೆ ಏನು ಗಂಟು ಹೋಗುತ್ತೆ? ಅವಳು ನಿನ್ನ ಗಂಡನ್ನ ಹೆತ್ತಿಲ್ಲ. ನನ್ನ ಹೆತ್ತಿದ್ದಾಳೆ."

"ಊರಿಗೆ ಊರೇ ನಗುತ್ತೆ ಅಪ್ಪಾ! ಸ್ವಂತ ಮನೆಯೋರೇ ಅವರ ಕಡೆ ಅಂತ!"

"ನಗ್ಲಿ. ಅಮ್ಮ ಉಸಿರಾಡ್ಕೊಂಡು ಆ ನಗು ಕೇಳಿಸ್ಕೊಳ್ಳಿ."

ಜಗಳ ಜೋರಾಯಿತು. ಲಿಯೊನಿಲಾ ಮಗಳ ಕೈ ಹಿಡಿದೆಳೆದಳು, ಮಗಳು ಕೊಸರಿಕೊಂಡಳು, ಹಣ್ಣಿನ ಚೀಲ ಹರಿದು ಕಿತ್ತಳೆಗಳು ನೆಲದ ತುಂಬ ಉರುಳಿದವು. ಆಗ ಅಜ್ಜಿ, ಎರಡು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತ, ಹೇಳಿದಳು:

"ಎಲ್ಲರೂ ನನ್ನ ವಿಷಯಕ್ಕೇ ಕಿತ್ತಾಡ್ತೀರಿ... ನನ್ನ ಒಬ್ರೂ ಕೇಳಲ್ಲ. ನಾನು ಹೋಗ್ತೀನಿ. ನಂಗೆ ಬದುಕ್ಬೇಕು ಕಣ್ರೇ. ವಯಸ್ಸಾದ ಮಾತ್ರಕ್ಕೆ... ಸಾಯೋ ಆಸೆ ಬರುತ್ತೆ ಅನ್ಕೊಂಡಿದ್ದೀರಾ?"

ಬಾಗಿಲಲ್ಲಿ ಅಮಾಡೊ ನಿಂತಿದ್ದ. ಯಾವಾಗ ಬಂದನೋ. ಅಜ್ಜಿ ಅವನನ್ನು ನೋಡಿದಳು, ಕಣ್ಣು ತಪ್ಪಿಸಲಿಲ್ಲ. ಅವನು ಬಗ್ಗಿ ಒಂದೊಂದೇ ಕಿತ್ತಳೆ ಆರಿಸಿ, ಬೆಲೆನ್ ಕೈಗೆ ಕೊಟ್ಟು, "ಎಷ್ಟು ಗಂಟೆಗೆ ಕರ್ಕೊಂಡು ಬರ್ಬೇಕು?" ಎಂದ.

ಶನಿವಾರ ಪ್ರುದೆನ್ಸಿಯೊ ಮನೆಯಲ್ಲಿರಲಿಲ್ಲ. ನಾಚಿಕೆಯೋ ಹೆಂಡವೋ, ಬೆಳಿಗ್ಗೆ ಹೋದವನು ಬರಲಿಲ್ಲ. ಮನೆಯಿರುವ ಓಣಿ ಮುರಿದ ಗೋಡೆಯ ಕಲ್ಲುಗಳಿಂದ ತುಂಬಿದ್ದರಿಂದ ಮೇಯರ್ ಕಳಿಸುತ್ತೇನೆಂದಿದ್ದ ಗಾಡಿ ಒಳಗೆ ಬರುವಂತಿರಲಿಲ್ಲ, ಓಣಿಯ ತುದಿಗೂ ಬರಲಿಲ್ಲ. ರೊವೆನಾ ಕೋಣೆಯ ಬಾಗಿಲು ಹಾಕಿಕೊಂಡಿದ್ದಳು. ಲಿಯೊನಿಲಾ ಅತ್ತೆಗೆ ಚರ್ಚಿಗೆ ಹೋಗುವ ಉಡುಪು ತೊಡಿಸಿ, ಬಾತ ಕಾಲಿಗೆ ಚಪ್ಪಲಿ ಹಿಡಿಸದೆ ಬಟ್ಟೆ ಸುತ್ತಿ, ಇನ್ನೇನು ಮಾಡುವುದೆಂದು ತೋಚದೆ ನಿಂತಳು. ಅಮಾಡೊ ಬಂದು ಅಜ್ಜಿಯ ಮುಂದೆ ಬೆನ್ನು ಕೊಟ್ಟು ಕೂತ.

"ನೀನಾ?" ಎಂದಳು ಅಜ್ಜಿ.

"ಇನ್ಯಾರಿದ್ದಾರೆ? ಹತ್ತಿ."

ಹಾಗೆ ಮೇಯರ್ ಎದುರಾಳಿಯೇ ತನ್ನ ಹೆಂಡತಿಯ ಅಜ್ಜಿಯನ್ನು ಬೆನ್ನ ಮೇಲೆ ಹೊತ್ತು ಮೇಯರ್ ಸಭೆಗೆ ನಡೆದ. ಹಿಂದೆ ಛತ್ರಿ ಹಿಡಿದು ಲಿಯೊನಿಲಾ. ರಸ್ತೆಯ ಎರಡೂ ಬದಿಯಲ್ಲಿ ಜನ ಮಾತು ನಿಲ್ಲಿಸಿ ನೋಡಿದರು. ಹುರಿದ ಹಂದಿಯ ವಾಸನೆ, ಬಿಂಗೊ ಆಟದ ಕೂಗು, ಬ್ಯಾಂಡು. ಚೌಕದ ತುಂಬ ಜನ. ವೇದಿಕೆಯ ಮೇಲೆ ಎವಾರಿಸ್ತೊ ಲುಸೆರ್ನೊ ಎರಡೂ ಕೈ ಚಾಚಿ ಬಂದು ಅಜ್ಜಿಯನ್ನು ತಾನೇ ಹಿಡಿದು ಕೂರಿಸಿದ.

"ಅಳಿಯಂದಿರೂ ಮೇಲೆ ಬನ್ನಿ!" ಎಂದ ಮೈಕಿನಲ್ಲಿ. "ನಮ್ಮಲ್ಲಿ ದ್ವೇಷ ಇಲ್ಲ. ಊಟ ಮಾಡ್ಕೊಂಡು ಹೋಗಿ!"

ಜನ ಘೊಳ್ಳೆಂದು ನಕ್ಕರು. ಅಮಾಡೊ ಮೇಲೆ ಹೋಗಲಿಲ್ಲ, ಹೊರಟೂ ಹೋಗಲಿಲ್ಲ. ಬೆವರಿಗೆ ಬೆನ್ನಿಗಂಟಿದ ಶರಟಿನಲ್ಲಿ ವೇದಿಕೆಯ ಕೆಳಗೆ ನಿಂತ. ಅಜ್ಜಿಯನ್ನು ವಾಪಸು ಹೊತ್ತೊಯ್ಯಬೇಕಿತ್ತು.

"ಅಜ್ಜೀ, ನಿಮ್ಮ ಓಟು ಯಾರಿಗೆ?" ಮೇಯರ್ ಮೈಕನ್ನು ಅವಳ ಬಾಯಿಗೆ ಹಿಡಿದ.

"ನನ್ನ ರಕ್ತ ತೊಳೆಸೋನು ನೀನಲ್ವಾ," ಎಂದಳು ಅಜ್ಜಿ. "ನಿಂಗೇ."

ಪಟಾಕಿ ಸಿಡಿದವು. ಲಿಯೊನಿಲಾ ಅಳಿಯನ ಮುಖ ನೋಡಲಾರದೆ ಛತ್ರಿಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು.

ಹಿಂದಿರುಗುವಾಗ ಓಣಿಯ ಕಲ್ಲುಗಳ ನಡುವೆ ಅಜ್ಜಿ ಅವನ ಕಿವಿಯ ಬಳಿ ಹೇಳಿದಳು. "ಬೈಯೋ. ಬೈದ್ರೆ ಹಗುರ ಆಗುತ್ತೆ."

"ಗಟ್ಟಿಯಾಗಿ ಹಿಡ್ಕೊಳ್ಳಿ ಅಜ್ಜಿ. ಇಲ್ಲಿ ಜಾರುತ್ತೆ."

ಚೀಟಿ ಬಂತು. ಅಜ್ಜಿಯ ಕಾಲಿನ ಬಾವು ಇಳಿಯಿತು. ಮತದಾನದ ಹಿಂದಿನ ದಿನ ಮನೆಮನೆಗೆ ಮೇಯರ್ ಕಡೆಯ ದುಡ್ಡಿನ ಲಕೋಟೆಗಳೂ ಬಂದವು. ನಾಚಿಕೆಯಿಲ್ಲದೆ ಈ ಮನೆಗೂ. ಪ್ರುದೆನ್ಸಿಯೊ ತೆಗೆದುಕೊಂಡ. ಲಿಯೊನಿಲಾ ಬೇಡವೆನ್ನಲಿಲ್ಲ. ಆ ದುಡ್ಡಿನಲ್ಲಿ ಸೀಮೆಎಣ್ಣೆ, ಉಪ್ಪು, ಅಜ್ಜಿಯ ಮಾತ್ರೆ ಬಂತು. ಮರುದಿನ ಲಿಯೊನಿಲಾ ಶಾಲೆಯ ಬೆಂಚಿನ ಮೇಲೆ ಕೂತು ಮತಪತ್ರ ಬಿಡಿಸಿದಳು. ಗೋಡೆಯ ಹಿಂದೆ ಯಾರೋ ನಿಂತು ನೋಡುತ್ತಿದ್ದಾರೆನಿಸಿತು. ಆದರೂ ಅಳಿಯನ ಹೆಸರಿನ ಮುಂದಿನ ವೃತ್ತವನ್ನೇ ಕಪ್ಪಗೆ ತುಂಬಿ, ಮತ ಎಣಿಸುವ ಯಂತ್ರದ ಬಾಯಿಗೆ ಮತಪತ್ರ ಕೊಟ್ಟು, ಬೆರಳಿಗೆ ಶಾಯಿ ಹಾಕಿಸಿಕೊಂಡು ಬಂದಳು. ಯಾರಿಗೂ ಹೇಳಲಿಲ್ಲ.

ಅಮಾಡೊ ಹೀನಾಯವಾಗಿ ಸೋತ. ಗೋಡೆ ಬಿದ್ದು ಜನ ಸತ್ತ ಕೇರಿಯಲ್ಲೂ ಸೋತ.

ಊಟಕ್ಕೆ ಕೂತಾಗ ರೊವೆನಾ ಅಪ್ಪನ ಶಾಯಿ ಬೆರಳನ್ನೇ ದಿಟ್ಟಿಸಿದಳು. "ಅಪ್ಪಾ, ನಿಜ ಹೇಳು. ನೀನು ಯಾರಿಗೆ..."

"ಕೇಳ್ಬೇಡ," ಎಂದ ಅಮಾಡೊ. ಅವನು ದನಿ ಎತ್ತಿದ್ದು ಅದೇ ಮೊದಲು. "ಈ ಮನೇಲಾದ್ರೂ ಓಟು ಗುಟ್ಟಾಗಿರ್ಲಿ."

ಪ್ರುದೆನ್ಸಿಯೊ ತಟ್ಟೆ ಬಿಟ್ಟು ಎದ್ದು ಹೋಗಿ ಹಿತ್ತಲಲ್ಲಿ ಅತ್ತ.

ಜೂನ್ ಬರುತ್ತಿದ್ದಂತೆ ಚೀಟಿ ನಿಂತಿತು. ಈ ಸಲ ಇವರದೊಂದೇ ಅಲ್ಲ, ಎಲ್ಲರದೂ. ಪುರಸಭೆಯ ಬೆಂಚಿನ ಮೇಲೆ ಲಿಯೊನಿಲಾ ದಿನವೂ ಹೋಗಿ ಕೂತಳು. ಪಕ್ಕದಲ್ಲಿ ಪುರಿಂಗ್ ಎಂಬವಳು ಕೂರುತ್ತಿದ್ದಳು. ಅವಳ ಗಂಡನೂ ಅಜ್ಜಿಯ ಜೊತೆ ಅದೇ ವ್ಯಾನಿನಲ್ಲಿ ರಕ್ತ ತೊಳೆಸಲು ಹೋಗುತ್ತಿದ್ದವನು.

"ಚುನಾವಣೆಗೆ ಖರ್ಚಾಗೋಯ್ತಂತೆ ಕಣೇ ನಿಧಿ ಎಲ್ಲ," ಎಂದು ಪುರಿಂಗ್ ಪಿಸುಗುಟ್ಟಿದಳು. "ಮುಂದಿನ ಬಜೆಟ್ ಬರೋವರೆಗೂ ಕಾಯ್ಬೇಕಂತೆ."

"ಕಿಡ್ನಿಗೆ ಬಜೆಟ್ ಗೊತ್ತಾ?"

"ನಾವು ಅವರಿಗೇ ಹಾಕಿದ್ವಿ ಲಿಯೊನಿಲಾ. ಮನೆ ಮಂದಿ ಎಲ್ಲ. ಆದ್ರೂ..."

ಮೇಯರ್ ರಾಜಧಾನಿಗೆ ಹೋಗಿದ್ದಾನೆ ಎಂದರು. ಬೆಲೆನ್ ಇವರನ್ನು ಕಂಡರೆ ಹಿಂದಿನ ಬಾಗಿಲಿಂದ ಹೋಗುತ್ತಿದ್ದಳು. ಅಮಾಡೊ ಇನ್ನೊಂದು ದ್ವೀಪದಲ್ಲಿ ಕಟ್ಟಡದ ಕೂಲಿ ಹಿಡಿದು ಹೊರಟ. ಎಂಜಿನಿಯರಿಗೆ ಅಲ್ಲಿ ಕೆಲಸವಿರಲಿಲ್ಲ, ಕಬ್ಬಿಣ ಕಟ್ಟುವವನಿಗಿತ್ತು. ಅವನು ಕಳಿಸಿದ ಹಣದಲ್ಲಿ ಅಜ್ಜಿಯನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಹೋಗಿ ಬಂದರು. ಆಮೇಲೆ ಲಿಯೊನಿಲಾ ಅಂಗಡಿಯ ದೊಡ್ಡ ಪಾತ್ರೆಗಳನ್ನು ಮಾರಿ ಇನ್ನೊಂದು ಸಲ ಹೋಗಿ ಬಂದಳು. ಮೂರನೆಯ ಸಲಕ್ಕೆ ಮಾರಲು ಏನೂ ಉಳಿದಿರಲಿಲ್ಲ.

ಅಜ್ಜಿ ಒಂದು ಮಧ್ಯಾಹ್ನ ಬೆತ್ತದ ಕುರ್ಚಿಯಲ್ಲಿ ಕೂತಲ್ಲೇ ಹೋದಳು. ಲಿಯೊನಿಲಾ ಗಂಜಿ ಆರಿಸಿ ತರುವಷ್ಟರಲ್ಲಿ ಮುಗಿದಿತ್ತು. ಕೊನೆಗೆ ಕೇಳಿದ್ದು, "ಉಪ್ಪು ಸ್ವಲ್ಪ ಜಾಸ್ತಿ ಹಾಕೇ, ಇನ್ನೇನು ಕಾಪಾಡ್ಬೇಕಾಗಿದೆ," ಎಂದು.

ಅಮಾಡೊ ಮರುದಿನದ ದೋಣಿಗೆ ಬಂದ. ಅಂಗೈ ತುಂಬ ಕಬ್ಬಿಣದ ತಂತಿ ಕೊಯ್ದ ಗಾಯ. ಶವವನ್ನು ಊಟದ ಮೇಜಿನ ಮೇಲೆ ಮಲಗಿಸಿದ್ದರು, ಶವಪೆಟ್ಟಿಗೆಗೆ ದುಡ್ಡಿರಲಿಲ್ಲ. ಹಲಗೆಗಾಗಿ ಯಾರನ್ನು ಕೇಳುವುದೆಂದು ಅವರೆಲ್ಲ ಮಾತಾಡುತ್ತಿರುವಾಗ ಓಣಿಯ ತುದಿಯಲ್ಲಿ ಪುರಸಭೆಯ ಲಾರಿ ನಿಂತಿತು. ಕಲ್ಲುಗಳ ಮೇಲೆ ಎಡವುತ್ತ ನಾಲ್ವರು ಬಿಳಿ ಬಣ್ಣದ ಪೆಟ್ಟಿಗೆ ಹೊತ್ತು ತಂದರು. ಹಿಂದೆ ಅಕ್ಕಿಚೀಲ, ಹೂವಿನ ಚಕ್ರ, ಒಬ್ಬ ಫೋಟೋಗ್ರಾಫರ್, ಮತ್ತು ಕಪ್ಪು ಉಡುಪಿನ ಬೆಲೆನ್.

ಪೆಟ್ಟಿಗೆಯ ಮುಚ್ಚಳದ ಮೇಲೆ ತಗಡಿನ ಫಲಕ ಹೊಡೆದಿದ್ದರು: ಮೇಯರ್ ಎವಾರಿಸ್ತೊ ಲುಸೆರ್ನೊ ಅವರ ಕೊಡುಗೆ.

"ಸಂಜೆ ಅವರೇ ಬರ್ತಾರೆ," ಎಂದಳು ಬೆಲೆನ್. "ಬಹಳ ನೊಂದ್ಕೊಂಡ್ರು."

"ತಗೊಂಡ್ ಹೋಗಿ ಇದನ್ನ!" ರೊವೆನಾ ಕಿರುಚಿದಳು. "ಇವರೇ ಕೊಂದು ಇವರೇ ಪೆಟ್ಟಿಗೆ ಕೊಡ್ತಾರೆ! ನಮ್ಮಜ್ಜಿನ ಚಾಪೇಲಿ ಸುತ್ತಿ ಹೂಳ್ತೀವಿ!"

ಪ್ರುದೆನ್ಸಿಯೊ ತಾಯಿಯ ಪಾದ ಹಿಡಿದುಕೊಂಡು ನಿಂತಿದ್ದ. "ಚಾಪೇಲಾ," ಎಂದ, ಮಗುವಿನಂತೆ. "ನಮ್ಮಮ್ಮನ್ನ ಚಾಪೇಲಾ?"

ಎಲ್ಲರೂ ಅಮಾಡೊ ಕಡೆ ನೋಡಿದರು. ಅವನು ಲಿಯೊನಿಲಾ ಕಡೆ ನೋಡಿದ. "ತಗೊಳ್ಳಿ ಅತ್ತೆ," ಎಂದ ಮೆಲ್ಲಗೆ. "ಅವರಪ್ಪನ ಮನೆ ದುಡ್ಡಲ್ಲ. ಊರಿನ ದುಡ್ಡು. ಅಜ್ಜಿಯದೂ ಅದರಲ್ಲಿದೆ."

ಲಿಯೊನಿಲಾ ಅಡುಗೆಮನೆಗೆ ಹೋಗಿ ಮೀನು ಕೊಯ್ಯುವ ಚಾಕು ತಂದಳು. ಬೆಲೆನ್ ಒಂದು ಹೆಜ್ಜೆ ಹಿಂದೆ ಸರಿದಳು. ಲಿಯೊನಿಲಾ ಪೆಟ್ಟಿಗೆಯ ಮುಂದೆ ಮೊಣಕಾಲೂರಿ, ಫಲಕದ ಕೆಳಗೆ ಚಾಕು ತೂರಿಸಿ ಎಬ್ಬಿದಳು. ಬಿಳಿ ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದಿತು. ಮೊಳೆಗಳು ಕಿರುಗುಟ್ಟಿ ಒಂದೊಂದಾಗಿ ಬಿಟ್ಟವು. ಬೆರಳು ಕೊಯ್ದು ರಕ್ತ ಬಂದರೂ ನಿಲ್ಲಿಸಲಿಲ್ಲ. ಬಾಗಿದ ತಗಡನ್ನು ಬೆಲೆನ್ ಕೈಗಿಟ್ಟಳು.

"ಪೆಟ್ಟಿಗೆ ಊರಿಂದು, ಇರ್ಲಿ. ಹೆಸರು ಅವನದು. ವಾಪಸ್ ಕೊಡು."

"ಲಿಯೊನಿಲಾ, ತಲೆ ಕೆಟ್ಟಿದೆಯಾ? ನಿನ್ನ ಅಂಗಡಿ ಪರವಾನಗಿ..."

"ಹೂವನ್ನೂ ತಗೊಂಡ್ ಹೋಗು. ಅಕ್ಕಿ ಇಲ್ಲಿರ್ಲಿ. ಬಂದೋರಿಗೆ ಗಂಜಿ ಕಾಯಿಸ್ಬೇಕು."

ಫೋಟೋಗ್ರಾಫರ್ ಕ್ಯಾಮೆರಾ ಎತ್ತಲಿಲ್ಲ. ಲಾರಿ ಹೊರಟುಹೋಯಿತು. ಸಂಜೆ ಮೇಯರ್ ಬರಲಿಲ್ಲ.

ಮೇಯರ್ ಬರದ ಸಾವಿನ ಮನೆಗೆ ಊರವರೂ ಬರಲಿಲ್ಲ. ಹೆಣ ಕಾಯುತ್ತ ರಾತ್ರಿಯಿಡೀ ಇಸ್ಪೀಟು ಆಡುವವರಿಲ್ಲ, ಕಾಫಿ ಕೇಳುವವರಿಲ್ಲ. ದೊಡ್ಡ ಪಾತ್ರೆಗಳು ಮಾರಿಹೋಗಿದ್ದರಿಂದ ಚಿಕ್ಕ ಮಡಕೆಯಲ್ಲಿ ಕಾಯಿಸಿದ ಗಂಜಿ ಹಾಗೆಯೇ ಗಟ್ಟಿಯಾಗುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಪುರಿಂಗ್ ಒಬ್ಬಳೇ ಬಂದಳು, ತಲೆಗೆ ಬಟ್ಟೆ ಮುಚ್ಚಿಕೊಂಡು, ಓಣಿಯ ಕಡೆ ತಿರುಗಿ ತಿರುಗಿ ನೋಡುತ್ತ. ಅಜ್ಜಿಯ ಹಣೆ ಮುಟ್ಟಿ ಪ್ರಾರ್ಥಿಸಿದಳು. ಆಮೇಲೆ ಮುಚ್ಚಳದ ಮೇಲೆ ಬಣ್ಣ ಎದ್ದ ಜಾಗವನ್ನು ಬೆರಳಿನಿಂದ ಸವರಿದಳು.

"ನೀನು ಮಾಡಿದ್ದು ಊರೆಲ್ಲ ಗೊತ್ತಾಗಿದೆ," ಎಂದಳು.

"ಗೊತ್ತಾಗ್ಲಿ."

"ನಂಗೆ ಒಳಗೊಳಗೇ ಖುಷಿಯಾಯ್ತು, ಸುಳ್ಳು ಹೇಳಲ್ಲ." ಪುರಿಂಗ್ ಲಿಯೊನಿಲಾಳ ಪಕ್ಕ ಕೂತು ಅವಳ ಕೈ ಹಿಡಿದುಕೊಂಡಳು. "ನಮ್ಮನೆಯೋರಿಗೆ ನಿನ್ನೆಯಿಂದ ಮಲಗೋಕಾಗ್ತಿಲ್ಲ. ಕೂತೇ ಇದಾರೆ."

"ಕಾಲು ಬಾತಿದೆಯಾ?"

"ಮುಖಾನೂ." ಪುರಿಂಗ್ ದನಿ ತಗ್ಗಿಸಿದಳು. "ಲಿಯೊನಿಲಾ, ನೀನು ಹೆಸರು ಕಿತ್ತಿದ್ದಕ್ಕೆ ಮೇಯರ್‌ಗೆ ಸಿಟ್ಟು ಬಂದು, ಈ ಕೇರಿಗೆ ಇನ್ನು ಪೆಟ್ಟಿಗೆ ಕಳಿಸಲ್ಲ ಅಂತಾನಾ? ನಮ್ಮತ್ರ ಹಲಗೆಗೂ ಗತಿಯಿಲ್ಲ ಕಣೇ."

ಲಿಯೊನಿಲಾ ಬಾಗಿಲ ಕಡೆ ನೋಡಿದಳು. ಅಲ್ಲಿ ನಿಂತಿದ್ದ ಅಮಾಡೊನಿಗೂ ಆ ಮಾತು ಕೇಳಿಸಿತ್ತು. ಅವನು ಮುಖವನ್ನು ಹೊರಗಿನ ಕತ್ತಲಿಗೆ ತಿರುಗಿಸಿಕೊಂಡ. ಲಿಯೊನಿಲಾ ಎದ್ದು, ಗಟ್ಟಿಯಾದ ಗಂಜಿಗೆ ಬಿಸಿನೀರು ಬೆರೆಸಿ, ಉಪ್ಪು ಹಾಕಿ, ಬಟ್ಟಲು ತುಂಬಿಸಿ ತಂದಳು.

"ಮೊದಲು ಇದನ್ನ ಕುಡಿ," ಎಂದಳು.